ಸ್ತನಛೇದನದ ನಂತರ ಅಳತೆಗೆ ತಕ್ಕ ಕೃತಕ ಸ್ತನವನ್ನು ರೂಪಿಸುವ ಬಗೆ

ಗಾಯ ಪೂರ್ತಿ ಮಾಗಿ ಊತ ಇಳಿಯುವವರೆಗೆ, ಸಾಮಾನ್ಯವಾಗಿ 6ರಿಂದ 8 ವಾರ, ಅಳತೆ ತೆಗೆಯಬಾರದು. ಅಲ್ಲಿಯವರೆಗೆ ಹಗುರವಾದ ಬಟ್ಟೆಯ ಮೆತ್ತೆ ಸಾಕು. ಬಳಿಕ ಮಹಿಳೆ ನೇರವಾಗಿ ನಿಂತಿರುವಾಗ ಎದೆಯನ್ನು ತ್ರೀಡಿ ಸ್ಕ್ಯಾನ್ ಮಾಡಿ, ಉಳಿದಿರುವ ಸ್ತನದ ಆಕಾರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ತಿರುಗಿಸಿಕೊಂಡು, ಅದರಿಂದ ತಯಾರಿಸಿದ ಅಚ್ಚಿಗೆ ಸಿಲಿಕೋನ್ ಎರೆಯಬೇಕು. ನಿಜವಾದ ಕೌಶಲ ಬೇಕಾಗುವುದು ಯಾರ ಕಣ್ಣಿಗೂ ಬೀಳದ, ಎದೆಗೆ ತಾಗುವ ಅದರ ಹಿಂಬದಿಗೆ: ಕಂಕುಳಿನತ್ತ ಎಳೆದುಕೊಂಡಿರುವ ಗಾಯದ ಗೆರೆ, ಪಕ್ಕೆಲುಬಿನ ಮೇಲಿನ ತೆಳು ಚರ್ಮ, ನಡುವಿನ ಸಣ್ಣ ತಗ್ಗು, ಇವೆಲ್ಲಕ್ಕೂ ಹೊಂದುವಂತೆ ಅದನ್ನು ತಿದ್ದದಿದ್ದರೆ ಚರ್ಮ ಉಜ್ಜಿ ಉರಿಯುತ್ತದೆ. ಅಂಚು ತೀರ ತೆಳುವಾಗಿರಲಿ. ತೂಕ ಎಷ್ಟಿರಬೇಕೆಂದು ಧರಿಸುವವರನ್ನೇ ಕೇಳಿ. ತೋಳು ಊದಿಕೊಳ್ಳುವವರಿಗೆ ಹಗುರವಾದದ್ದೇ ಲೇಸು. ಕೊನೆಗೆ ಒಳಜೇಬಿರುವ ಬ್ರಾದಲ್ಲಿ ಅದನ್ನಿರಿಸಿ, ಬಗ್ಗಿ, ಕೈ ಮೇಲೆತ್ತಿ ನೋಡಲು ಹೇಳಿ, ಜಾರಿದರೆ ಮತ್ತೆ ತಿದ್ದಿ.