ಉಸಿರಿನ ತಳದಿಂದ ಬರುವ ಕಣಗಳು

ಮೊದಲ ದಿನದ ಎಣಿಕೆ ನೋಡಿ ನನಗೆ ರೋಮಾಂಚನವಾಗಿತ್ತು. ಡಿಸೆಂಬರ್‌ನ ಚಳಿಯ ಬೆಳಗು, ಮಾಲೂರು ತಾಲ್ಲೂಕಿನ ಟೇಕಲ್ ಬಳಿಯ ಒಂದು ಕೊಠಡಿ. ಕಲ್ಲು ಒಡೆಯುವವರೊಬ್ಬರು ಕೊಳವೆಯೊಳಗೆ ಉಸಿರು ಬಿಟ್ಟರು. ಕಣ ಎಣಿಸುವ ಯಂತ್ರದ ಅಂಕಿ ಸರಸರನೆ ಏರಿತು. ಎರಡನೆಯವರದ್ದೂ ಹಾಗೆಯೇ, ಮೂರನೆಯವರದ್ದೂ ಹಾಗೆಯೇ. ಬಿಸಿಲು ಏರಿದಂತೆ ಅಂಕಿ ತಾನಾಗಿ ಇಳಿಯತೊಡಗಿತು. ಅಷ್ಟು ಹೊತ್ತು ನಾನು ಎಣಿಸಿದ್ದರಲ್ಲಿ ಬಹುಪಾಲು ಚಳಿಗೆ ಹನಿಗಟ್ಟಿದ ಹಬೆ!

ನಾನು ಕೋಲಾರದಲ್ಲಿ ಶ್ವಾಸಕೋಶದ ಕಾಯಿಲೆಗಳನ್ನು ನೋಡುವ ವೈದ್ಯ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಕಲ್ಲಿನ ಧೂಳು ಕುಡಿದ ಹಿರಿಯರು ಇಂದಿಗೂ ಏದುಸಿರು ಬಿಡುತ್ತ ನನ್ನ ಬಳಿ ಬರುತ್ತಾರೆ. ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವ ಹುಡುಗರು ಅದೇ ಹಾದಿ ಹಿಡಿಯುವ ಮೊದಲೇ ಏನಾದರೂ ತಿಳಿಯಬಾರದೇ ಎಂಬ ಸಂಕಟವೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು.

ಎರಡು ಮಿಲಿಮೀಟರ್‌ಗಿಂತ ಕಿರಿದಾದ ಉಸಿರಿನ ನಾಳಗಳಲ್ಲಿ ಕೆಡುಕು ಶುರುವಾದರೂ ಉಸಿರಿನ ಪ್ರಮಾಣ, ವೇಗ ಅಳೆಯುವ ಸ್ಪೈರೋಮೀಟರ್ ಬಹುಕಾಲ ಎಲ್ಲವೂ ಸರಿಯೆಂದೇ ತೋರಿಸಬಹುದು. ಉಸಿರನ್ನು ಪೂರ್ತಿ ಹೊರಹಾಕಿದಾಗ ಈ ನಾಳಗಳಲ್ಲಿ ಹಲವು ಮುಚ್ಚಿಕೊಳ್ಳುತ್ತವೆ. ಮತ್ತೆ ಒಳಗೆಳೆದಾಗ ತೆರೆದುಕೊಳ್ಳುತ್ತವೆ, ಆಗ ಒಳಗೋಡೆಯ ದ್ರವದ ಪೊರೆ ಹರಿದು ಸೂಕ್ಷ್ಮ ಹನಿಗಳಾಗಿ ಸಿಡಿಯುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಇದನ್ನು 2010ರಲ್ಲಿ ತೋರಿಸಿದರು. ಮರು ಉಸಿರಿನಲ್ಲಿ ಹೊರಬರುವ ಆ ಹನಿಗಳಲ್ಲಿ ಹೆಚ್ಚಿನವು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಅಂದರೆ ಒಂದು ಮೈಕ್ರಾನ್‌ಗಿಂತ ಚಿಕ್ಕವು. ಸೂಜಿಯಿಲ್ಲ, ನೋವಿಲ್ಲ, ಶ್ವಾಸಕೋಶದ ಆಳದ ತುಣುಕೊಂದು ತಾನೇ ಹೊರಗೆ ಬರುತ್ತದೆ.

ನನ್ನ ಬಳಿ ಇದ್ದದ್ದು ಕೈಯಲ್ಲಿ ಹಿಡಿಯುವ ಎಣಿಕೆ ಯಂತ್ರ. 0.3 ಮೈಕ್ರಾನ್‌ಗಿಂತ ಚಿಕ್ಕದನ್ನು ಅದು ಕಾಣದು, ನಿಮಿಷಕ್ಕೆ 2.83 ಲೀಟರ್ ಗಾಳಿಯನ್ನಷ್ಟೇ ಎಳೆಯುತ್ತದೆ. ಮನುಷ್ಯ ಅದಕ್ಕಿಂತ ಎಷ್ಟೋ ವೇಗವಾಗಿ ಉಸಿರು ಬಿಡುತ್ತಾನೆ. ಅದಕ್ಕೆ ಉಕ್ಕಿನ ಅಗಲ ಕೊಳವೆಯೊಂದನ್ನು ನಡುವೆ ಇಟ್ಟೆ. ಹಬೆಯ ಪಾಠ ಕಲಿತ ಮೇಲೆ ಅದಕ್ಕೆ ಬಿಸಿ ಪಟ್ಟಿ ಸುತ್ತಿ, ಮೈಯ ಬಿಸಿಯಷ್ಟೇ ಇರುವಂತೆ ನೋಡಿಕೊಂಡೆ. ಇನ್ನು ನಮ್ಮ ಊರಿನ ಗಾಳಿಯೇ ಧೂಳು. ಒಳಗೆಳೆಯುವ ಗಾಳಿಗೆ ಸೂಕ್ಷ್ಮ ಧೂಳನ್ನೂ ತಡೆಯುವ ಹೆಪಾ ಫಿಲ್ಟರ್ ಹಾಕಿ, ಮೂರು ನಿಮಿಷ ಬರೀ ಶುದ್ಧ ಗಾಳಿ ಉಸಿರಾಡಿಸಿದ ಮೇಲೆಯೇ ಎಣಿಕೆ. ಪ್ರತಿಯೊಬ್ಬರಿಗೂ ಬೇರೆ ಬಾಯಿಕೊಳವೆ, ಬೇರೆ ಫಿಲ್ಟರ್. ಕಲ್ಲಿನಿಂದೇಳುವ ಸಿಲಿಕಾ ಧೂಳು ಹೊಕ್ಕವರಿಗೆ ಕ್ಷಯ ಸುಲಭವಾಗಿ ತಗಲುತ್ತದೆ, ಆದ್ದರಿಂದ ಮೊದಲು ಕಫ ಪರೀಕ್ಷೆ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಟ್ಟಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಉಸಿರನ್ನು ತಳದವರೆಗೆ ಖಾಲಿ ಮಾಡಿಸುವುದು. ಕನ್ನಡದಲ್ಲಿ ಹೇಳಿದೆ, ತೆಲುಗಿನಲ್ಲಿ ಹೇಳಿದೆ. ಅರ್ಧಕ್ಕೇ ನಿಲ್ಲಿಸಿ, "ಆಯಿತು ಸಾರ್" ಎನ್ನುತ್ತಿದ್ದರು. ಕೊನೆಗೆ ಒಬ್ಬರ ಹೆಂಡತಿ ಪಕ್ಕದಿಂದ ಹೇಳಿದರು: "ಹಸಿ ಸೌದೆ ಹತ್ತದಿದ್ದಾಗ ಊದುಗೊಳವೆ ಊದುತ್ತೀವಲ್ಲ, ಹೊಟ್ಟೆ ಬೆನ್ನಿಗೆ ಅಂಟುವವರೆಗೆ, ಹಾಗೆ." ಆಕೆಯ ಗಂಡ ಹಾಗೆಯೇ ಮಾಡಿದರು. ಮೂರು ಸೆಕೆಂಡ್ ತಡೆದು, ಎದೆ ತುಂಬ ಎಳೆದು, ಮೆಲ್ಲಗೆ ಬಿಟ್ಟರು. ಸಾಮಾನ್ಯ ಉಸಿರಿಗಿಂತ ಎಣಿಕೆ ಎಷ್ಟೋ ಪಟ್ಟು ಏರಿತು, ಈ ಸಲ ಹಬೆಯಿಂದಲ್ಲ. ಅಂದಿನಿಂದ ನನ್ನ ಬಾಯಲ್ಲೂ ಊದುಗೊಳವೆಯೇ.

ಒಬ್ಬರ ಅಂಕಿಯನ್ನು ಇನ್ನೊಬ್ಬರ ಅಂಕಿಯೊಡನೆ ಹೋಲಿಸುವುದನ್ನು ಬೇಗನೆ ಬಿಟ್ಟೆ, ಆರೋಗ್ಯವಂತರ ನಡುವೆಯೇ ಅಜಗಜಾಂತರವಿದೆ. ಅದೇ ಮನುಷ್ಯನ ಸಾಮಾನ್ಯ ಉಸಿರು, ತಳದ ಉಸಿರು, ತಿಂಗಳುಗಳ ನಂತರ ಮತ್ತೆ ಅದೇ ಎರಡು: ಈ ಹೋಲಿಕೆಯನ್ನೇ ನಾನು ನಂಬುತ್ತೇನೆ.

ಕ್ರಷರ್‌ನಲ್ಲಿ ದುಡಿಯುವ ಯುವಕನೊಬ್ಬನ ಸ್ಪೈರೋಮೀಟರ್ ಫಲಿತಾಂಶ ಚೆನ್ನಾಗಿತ್ತು. ತಳದವರೆಗೆ ಊದಿದರೂ ಕಣಗಳ ಎಣಿಕೆ ಏರಲೇ ಇಲ್ಲ, ಕಿರಿಯ ನಾಳಗಳು ಎಂದಿನಂತೆ ಮುಚ್ಚಿ ತೆರೆಯುತ್ತಿಲ್ಲವೇನೋ ಎಂಬ ಅನುಮಾನ ಬಂತು. ಮೂರು ಸಲ ಮಾಡಿಸಿದೆ. "ಮಿಷನ್ ಏನು ಹೇಳುತ್ತೆ ಸಾರ್?" ಎಂದು ಕೇಳಿದ. ಕಾಯಿಲೆಯ ಹೆಸರು ಹೇಳುವ ಶಕ್ತಿ ಇದಕ್ಕಿಲ್ಲಪ್ಪ ಎಂದು ನಿಜವನ್ನೇ ಹೇಳಿ, ಎದೆಯ ಎಕ್ಸ್‌ರೇಗೆ ಚೀಟಿ ಬರೆದುಕೊಟ್ಟೆ.