ಮೂರಕ್ಷರದ ‘ಗೆಟ್’ಗೆ ಟರ್ಕಿಶ್ ಹುಡುಕಿದ್ದು ಹೀಗೆ

ಇಸ್ತಾನ್‌ಬುಲ್‌ನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಹಗಲೆಲ್ಲ ದುಡಿದು ಸಂಜೆ ಪಾಠಕ್ಕೆ ಬರುವ ಜನ. ಉದ್ದುದ್ದ ಪದಗಳು ಇವರಿಗೆ ಕಷ್ಟವೇ ಅಲ್ಲ. ‘ಎಕಾನಮಿ’, ‘ಆರ್ಗನೈಸೇಶನ್’ ಥರದ್ದೆಲ್ಲ ಫ್ರೆಂಚ್ ಕಡೆಯಿಂದ ಟರ್ಕಿಶ್‌ಗೂ ಬಂದು ಸೇರಿಕೊಂಡಿವೆ. ಇವರು ನಿಂತುಬಿಡುವುದು ‘ಗೆಟ್’ ಎಂಬ ಪುಟ್ಟ ಪದದ ಮುಂದೆ.

ಇಂಗ್ಲಿಷ್–ಟರ್ಕಿಶ್ ನಿಘಂಟು ಎಂದರೆ ಇಲ್ಲಿ ರೆಡ್‌ಹೌಸ್. 19ನೇ ಶತಮಾನದಲ್ಲಿ ಜೇಮ್ಸ್ ರೆಡ್‌ಹೌಸ್ ಶುರುಮಾಡಿದ ಕೆಲಸ ಅದು. ಅವರ ದೊಡ್ಡ ಟರ್ಕಿಶ್–ಇಂಗ್ಲಿಷ್ ನಿಘಂಟು 1890ರಲ್ಲಿ ಇದೇ ಊರಿನಲ್ಲಿ ಅಚ್ಚಾಯಿತು. ಒಳ್ಳೆಯ ನಿಘಂಟು, ನಾನೂ ದಿನಾ ಬಳಸುತ್ತೇನೆ. ಆದರೆ ಯಾವ ನಿಘಂಟು ತೆರೆದರೂ ‘ಗೆಟ್’ಗೆ ಅರ್ಥಗಳ ಸಾಲೇ ಇರುತ್ತದೆ. ಅದನ್ನು ಬಾಯಿಪಾಠ ಮಾಡಿಸಿ ಪ್ರಯೋಜನವಿಲ್ಲ. ಮಾತಾಡುವಾಗ ಯಾರಿಗೂ ಆ ಸಾಲು ನೆನಪಾಗುವುದಿಲ್ಲ.

ನಾನು ಬೇರೆ ದಾರಿ ಹಿಡಿದೆ. ‘ಗೆಟ್’ಗೆ ಅರ್ಥ ಏನು ಎಂದು ಕೇಳುವುದನ್ನೇ ಬಿಟ್ಟು, ಅದರ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ನೋಡಿದೆ. ಪಕ್ಕದಲ್ಲಿರುವುದು ಒಂದು ವಸ್ತುವೋ, ಒಂದು ಗುಣವೋ, ಒಂದು ಜಾಗವೋ, ಇನ್ನೊಬ್ಬರು ಮಾಡಿಕೊಡುವ ಕೆಲಸವೋ? ನೋಟ್‌ಬುಕ್‌ನಲ್ಲಿ ಒಂದೊಂದಕ್ಕೂ ಒಂದು ಪುಟ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಟರ್ಕಿಶ್. ಸುಮ್ನೆ ನನಗಾಗಿ ಎಂದು ನಡುವೆ ಕನ್ನಡವನ್ನೂ ಬರೆಯತೊಡಗಿದೆ. ಕೆಲಸಕ್ಕೆ ಬಂದದ್ದು ಆ ನಡುವಿನ ಸಾಲೇ. ಇಂಗ್ಲಿಷ್‌ನಿಂದ ನೇರ ಟರ್ಕಿಶ್‌ಗೆ ಹೋಗುವುದಕ್ಕಿಂತ ಕನ್ನಡದ ಮೇಲೆ ಹಾದುಹೋದರೆ ದಾರಿ ಹತ್ತಿರ. ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ಎರಡರಲ್ಲೂ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟರ್ಕಿಶ್ ಕ್ರಿಯಾಪದಗಳು ನಿಘಂಟಿನಲ್ಲಿ ‘-ಮಕ್’ ಅಥವಾ ‘-ಮೆಕ್’ ಎಂದು ಮುಗಿಯುತ್ತವೆ. ಅದನ್ನು ತೆಗೆದರೆ ಉಳಿಯುವುದು ಧಾತು.

ಮೊದಲ ಪುಟ ವಸ್ತುವಿನದು. ಇಲ್ಲಿ ಮುಖ್ಯವಾದ ಪದ ‘ಅಲ್ಮಕ್’. ಇದು ನಮ್ಮ ‘ತಗೊಳ್ಳುವುದು’. ಕೈಯಿಂದ ತಗೊಂಡರೂ ಅದೇ, ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೊಂಡರೂ ಅದೇ. ‘ಎಕ್‌ಮೆಕ್ ಅಲ್ದಿಮ್’ ಎಂದರೆ ಬ್ರೆಡ್ ತಗೊಂಡೆ. ಉಸಿರು ತಗೊಳ್ಳುವುದಕ್ಕೂ ‘ನೆಫೆಸ್ ಅಲ್ಮಕ್’. ಆದರೆ ಈ ಒಂದು ಪದ ಟರ್ಕಿಶ್ ಮಂದಿಯ ಇಂಗ್ಲಿಷ್‌ಗೆ ಕೊಡುವ ತೊಂದರೆ ಅಷ್ಟಿಷ್ಟಲ್ಲ. ಒಂದು ಸಂಜೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ವಿದ್ಯಾರ್ಥಿನಿಯೊಬ್ಬರು, “ಹೊಜಾಮ್, ಐ ಟುಕ್ ಯುವರ್ ಮೇಲ್” ಎಂದರು. (ಹೊಜಾಮ್ ಎಂದರೆ ನಮ್ಮಲ್ಲಿ ‘ಮೇಷ್ಟ್ರೇ’, ‘ಮೇಡಂ’ ಎನ್ನುವ ಹಾಗೆ. ಹೆಂಗಸರಿಗೂ ಗಂಡಸರಿಗೂ ಒಂದೇ.) ಅವರ ತಲೆಯಲ್ಲಿ ‘ಅಲ್ದಿಮ್’ ಓಡುತ್ತಿತ್ತು. ನಾನು ಕೇಳಿದೆ: “ನೀವು ಕೈ ಚಾಚಿ ತಗೊಂಡಿರಾ, ಅದಾಗಿಯೇ ನಿಮ್ಮ ಹತ್ತಿರ ಬಂತಾ?” “ಬನಾ ಗೆಲ್ದಿ” ಎಂದರು, ನನಗೆ ಬಂತು ಎಂದು. ಹಾಗಾದರೆ ‘ಟೇಕ್’ ಬೇಡ, ‘ಗೆಟ್’ ಹಾಕಿ ಎಂದೆ. ಆಮೇಲೆ ಅವರು ಆ ವಾಕ್ಯದಲ್ಲಿ ತಡವರಿಸಿದ್ದನ್ನು ನಾನು ನೋಡಿಲ್ಲ.

‘ಬನಾ ಮೇಲ್ ಗೆಲ್ದಿ’, ನನಗೆ ಮೇಲ್ ಬಂತು. ಪದಕ್ಕೆ ಪದ ಕನ್ನಡವೇ, ಅಲ್ವಾ? ನಿದ್ದೆಯೂ ಇಲ್ಲಿ ಬರುತ್ತದೆ. ‘ಉಯ್ಕುಮ್ ಗೆಲ್ದಿ’ ಎಂದರೆ ನನ್ನ ನಿದ್ದೆ ಬಂತು. ಇಂಗ್ಲಿಷ್‌ನವರು ‘ಗೆಟಿಂಗ್ ಸ್ಲೀಪಿ’ ಎನ್ನುವುದನ್ನು ಇವರೂ ನಾವೂ ಹೊರಗಿನಿಂದ ನಡೆದು ಬರುವ ಹಾಗೆ ಹೇಳುತ್ತೇವೆ. ಇನ್ನು ‘ಗೆಟ್ ಮಿ ವಾಟರ್’ ಎಂದಾಗ ಅದು ‘ಗೆತಿರ್’, ಅಂದರೆ ತಾ. ‘ಗೆಟ್’ ಎಂಬ ಸದ್ದು ಅದರಲ್ಲಿ ಕೇಳಿಸುವುದು ಕಾಕತಾಳೀಯ. ಕೆಲಸ ಸಿಕ್ಕಿದ್ದಕ್ಕೆ ಮಾತ್ರ ‘ಇಷ್ ಬುಲ್ದುಮ್’, ಕೆಲಸ ಹುಡುಕಿಕೊಂಡೆ ಎನ್ನುತ್ತಾರೆ. ನಮ್ಮಲ್ಲಿ ಕೆಲಸ ನನಗೆ ‘ಸಿಗುತ್ತದೆ’, ಇವರಲ್ಲಿ ಕೆಲಸವನ್ನು ನಾನು ‘ಕಂಡುಹಿಡಿಯುತ್ತೇನೆ’. ಇಂಥ ಕಡೆ ಕನ್ನಡವನ್ನು ನಂಬಿ ನಡೆಯುವ ಹಾಗಿಲ್ಲ, ಕೆಂಪು ಇಂಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಎರಡನೆಯ ಪುಟ ಗುಣದ್ದು, ನನಗೆ ತುಂಬ ಇಷ್ಟವಾದದ್ದು. ಇಂಗ್ಲಿಷ್‌ನಲ್ಲಿ ‘ಗೆಟ್’ ಪಕ್ಕ ‘ಓಲ್ಡ್’, ‘ಸಿಕ್’, ‘ರಿಚ್’, ‘ಆಂಗ್ರಿ’ ಏನು ಬೇಕಾದರೂ ಕೂರಿಸಬಹುದು. ಟರ್ಕಿಶ್‌ನಲ್ಲಿ ಹೆಚ್ಚಾಗಿ ಬೇರೆ ಕ್ರಿಯಾಪದವೇ ಬೇಕಿಲ್ಲ, ಪದದ ಬಾಲಕ್ಕೆ ‘-ಲನ್’, ‘-ಲೆನ್’, ‘-ಲಶ್’, ‘-ಲೆಶ್’ ಸೇರಿಸಿದರೆ ಆಯಿತು. ಹಿಂದಿನ ಸ್ವರ ನೋಡಿ ಅ ಅಥವಾ ಎ ಬರುತ್ತದೆ. ‘ಯಶ್’ ಎಂದರೆ ವಯಸ್ಸು, ‘ಯಶ್‌ಲನ್‌ಮಕ್’ ಎಂದರೆ ವಯಸ್ಸಾಗುವುದು. ‘ಹಸ್ತ’ ಎಂದರೆ ರೋಗಿ, ‘ಹಸ್ತಲನ್‌ಮಕ್’ ಕಾಯಿಲೆ ಬೀಳುವುದು. ‘ಸಿನಿರ್’ ನರ, ‘ಸಿನಿರ್‌ಲೆನ್‌ಮೆಕ್’ ಸಿಟ್ಟಾಗುವುದು. ‘ಝೆಂಗಿನ್’ ಶ್ರೀಮಂತ, ‘ಝೆಂಗಿನ್‌ಲೆಶ್‌ಮೆಕ್’ ಶ್ರೀಮಂತನಾಗುವುದು. ‘ಎವ್’ ಎಂದರೆ ಮನೆ, ‘ಎವ್‌ಲೆನ್‌ಮೆಕ್’ ಎಂದರೆ ಮದುವೆಯಾಗುವುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕತ್ತಲಾಯಿತು ಎನ್ನಲು ‘ಹವ ಕರರ್ದಿ’ ಎನ್ನುತ್ತಾರೆ. ‘ಹವ’ ನಮ್ಮ ಹವಾಮಾನದ ಹವಾ, ಅರಬ್ಬಿಯಿಂದ ಇಬ್ಬರಿಗೂ ಬಂದದ್ದು. ‘ಕರ’ ಎಂದರೆ ಕಪ್ಪು. ನಮ್ಮ ‘ಕರಿ’ಗೂ ಇದಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ನೆನಪಿಟ್ಟುಕೊಳ್ಳಲು ಕನ್ನಡಿಗರಿಗೆ ಒಳ್ಳೆಯದು, ಅಷ್ಟೇ.

ಈ ಪುಟದಲ್ಲೂ ಕೆಂಪು ಗುರುತು ಜಾಸ್ತಿ. ನಮಗೆ ಹಸಿವಾಗುತ್ತದೆ, ಬಾಯಾರಿಕೆಯಾಗುತ್ತದೆ, ಕೋಪ ಬರುತ್ತದೆ. ಎಲ್ಲ ‘ನನಗೆ’ ಆಗುವುದು. ಟರ್ಕಿಶ್‌ನಲ್ಲಿ ‘ಅಜಿಕ್ತಿಮ್’, ‘ಸುಸದಿಮ್’, ‘ಕಿಝ್ದಿಮ್’. ಮೂರೂ ಪದಗಳು ನಾನೇ ಮಾಡಿದ ಹಾಗೆ ‘ನಾನು’ ಎಂಬ ಪ್ರತ್ಯಯದಲ್ಲಿ ಮುಗಿಯುತ್ತವೆ. ‘ನನಗೆ’ ಎಂಬುದಕ್ಕೆ ಇಲ್ಲಿ ಜಾಗವೇ ಇಲ್ಲ. ಟರ್ಕಿಶ್ ಕಲಿಯಲು ಬರುವ ಕನ್ನಡಿಗರಿಗೆ ನಾನು ಮೊದಲು ತಿದ್ದಿಸುವುದು ಇದನ್ನೇ.

ಜಾಗದ ಪುಟ ಚಿಕ್ಕದು, ಬಸ್ಸಿನಲ್ಲೇ ಮುಗಿದುಹೋಗುತ್ತದೆ. ‘ಗೆಟ್ ಆನ್’ ಎಂದರೆ ‘ಬಿನ್‌ಮೆಕ್’, ‘ಗೆಟ್ ಆಫ್’ ಎಂದರೆ ‘ಇನ್‌ಮೆಕ್’. ನಮ್ಮ ಹತ್ತು, ಇಳಿ. ವಿಭಕ್ತಿಯೂ ಒಂದೇ: ‘ಒತೊಬ್ಯುಸೆ’ ಬಸ್ಸಿಗೆ, ‘ಒತೊಬ್ಯುಸ್ತೆನ್’ ಬಸ್ಸಿನಿಂದ. ಇಂಗ್ಲಿಷ್‌ನವರು ಕಾರಿಗೆ ‘ಗೆಟ್ ಇನ್’, ಬಸ್ಸಿಗೆ ‘ಗೆಟ್ ಆನ್’ ಎಂದು ಬೇರೆ ಮಾಡುತ್ತಾರೆ. ಇಲ್ಲಿ ಆ ಗೋಜಿಲ್ಲ. ಕಾರು, ದೋಣಿ, ಕುದುರೆ, ಎಲ್ಲಕ್ಕೂ ಬಿನ್‌ಮೆಕ್. ಕಾದಿಕೊಯ್ ಕಡೆಯ ದೊಲ್‌ಮುಶ್ ಹತ್ತಿದರೆ ಪಾಠ ಕಿವಿಗೇ ಬೀಳುತ್ತದೆ. ದೊಲ್‌ಮುಶ್ ಎಂದರೆ ‘ತುಂಬಿದ್ದು’, ಸೀಟು ತುಂಬಿದ ಮೇಲೆ ಹೊರಡುವ ಶೇರ್ ಗಾಡಿ. ಇಳಿಯಬೇಕಾದವರು ಹಿಂದಿನಿಂದ “ಇನೆಜೆಕ್ ವಾರ್!” ಎಂದು ಕೂಗುತ್ತಾರೆ. ಮೊದಲ ಸಲ ಕೇಳಿದಾಗಲೇ ನನಗೆ ಅರ್ಥವಾಯಿತು. ನಮ್ಮ ಬಸ್ಸುಗಳಲ್ಲಿ “ಇಳಿಯೋರಿದ್ದಾರೆ!” ಎಂದು ಕೂಗುವುದೇ ಅದು. ‘ಇನೆಜೆಕ್’ ಇಳಿಯುವವರು, ‘ವಾರ್’ ಇದ್ದಾರೆ. ಇಂಗ್ಲಿಷ್‌ಗೆ ತಂದರೆ ‘ಸಮ್‌ಬಡಿ ವಾಂಟ್ಸ್ ಟು ಗೆಟ್ ಆಫ್’ ಎಂದು ಬೆಳೆಯುತ್ತದೆ, ಕೂಗುವಷ್ಟರಲ್ಲಿ ಸ್ಟಾಪ್ ದಾಟಿರುತ್ತದೆ.

ಇನ್ನು ಬೇರೆಯವರಿಂದ ಮಾಡಿಸುವ ಕೆಲಸ. ‘ಗೆಟ್ ಇಟ್ ಡನ್’. ಟರ್ಕಿಶ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್‌ನಲ್ಲಿ ಇದು ಬಹಳ ಕಷ್ಟ, ಏಕೆಂದರೆ ಅವರ ಭಾಷೆಯಲ್ಲಿ ಇದು ಅಷ್ಟು ಸುಲಭ. ‘ಯಪ್’ ಮಾಡು, ‘ಯಪ್‌ತಿರ್’ ಮಾಡಿಸು. ‘ಕೆಸ್’ ಕತ್ತರಿಸು, ‘ಸಚಿಮಿ ಕೆಸ್‌ತಿರ್ದಿಮ್’ ಎಂದರೆ ಕಟಿಂಗ್ ಮಾಡಿಸಿಕೊಂಡೆ. ನಮ್ಮ ‘-ಇಸು’ ಮಾಡುವ ಕೆಲಸವನ್ನು ಅವರ ‘-ತಿರ್’ ಮಾಡುತ್ತದೆ. ನನ್ನನ್ನು ನಿಲ್ಲಿಸಿದ್ದು ‘ಒಕು’, ‘ಒಕುತ್’ ಎಂಬ ಜೋಡಿ. ಓದು, ಓದಿಸು. ಹಳ್ಳಿಯಿಂದ ಬಂದ ತಾಯಿಯೊಬ್ಬರ ಬಗ್ಗೆ ಇಲ್ಲಿನವರು ‘ಚೊಜುಕ್‌ಲರಿನಿ ಒಕುತ್ತು’ ಎನ್ನುತ್ತಾರೆ. ಮಕ್ಕಳನ್ನ ಓದಿಸಿದರು. ಪುಸ್ತಕ ಹಿಡಿಸಿ ಕೂರಿಸಿದರು ಎಂದಲ್ಲ, ಫೀಸು ಕಟ್ಟಿ, ಹೊಟ್ಟೆಬಟ್ಟೆ ಕಟ್ಟಿ ವಿದ್ಯೆ ಕೊಡಿಸಿದರು ಎಂದು. ನಮ್ಮ ಮನೆಗಳಲ್ಲೂ ಆ ಪದಕ್ಕೆ ಅಷ್ಟೇ ಭಾರ. ಇಂಗ್ಲಿಷ್‌ನ ‘ಗಾಟ್ ದೆಮ್ ಎಜುಕೇಟೆಡ್’ ಆ ಭಾರ ಹೊರುವುದಿಲ್ಲ. ಇಂಥ ವಾಕ್ಯ ಬಂದಾಗ ‘ಗೆಟ್’ ಬಿಟ್ಟು ‘ಪುಟ್ ದೆಮ್ ಥ್ರೂ ಸ್ಕೂಲ್’ ಎಂದು ಹೇಳಿಕೊಡುತ್ತೇನೆ.

ತನ್ನಷ್ಟಕ್ಕೆ ಬಂದೊದಗುವ ‘ಗೆಟ್’ ಇನ್ನೊಂದಿದೆ, ‘ಗಾಟ್ ಸ್ಟೋಲನ್’ ಥರದ್ದು. ಅಲ್ಲಿ ಟರ್ಕಿಶ್ ಕರ್ಮಣಿ ಪ್ರತ್ಯಯ ಹಾಕುತ್ತದೆ. ಇದರಲ್ಲಿ ‘ಚಲ್‌ಮಕ್’ ಒಂದನ್ನು ಎಚ್ಚರದಿಂದ ಕಲಿಸುತ್ತೇನೆ. ಗಂಟೆ ಬಾರಿಸುವುದು, ವಾದ್ಯ ನುಡಿಸುವುದು, ಕದಿಯುವುದು ಮೂರೂ ಅದೇ ಪದ. ‘ತೆಲೆಫೊನುಮ್ ಚಲ್ದಿ’ ಎಂದರೆ ನನ್ನ ಫೋನ್ ರಿಂಗಾಯಿತು, ‘ತೆಲೆಫೊನುಮ್ ಚಲಿಂದಿ’ ಎಂದರೆ ಫೋನ್ ಕಳುವಾಯಿತು.

‘ಐ ಹ್ಯಾವ್ ಗಾಟ್’ ಎಂಬುದನ್ನು ನಾನು ‘ಗೆಟ್’ ಪುಟಗಳಿಗೆ ಸೇರಿಸುವುದೇ ಇಲ್ಲ. ಅದು ‘ವಾರ್’, ನಮ್ಮ ‘ಇದೆ’. ಇಲ್ಲದಿದ್ದರೆ ‘ಯೊಕ್’. ಕಾಯಿಲೆಯವರಿಗೆ ಹೇಳುವ ‘ಗೆಟ್ ವೆಲ್ ಸೂನ್’ ಕೂಡ ಹೊರಗೆ. ಅದಕ್ಕೆ ‘ಗೆಚ್‌ಮಿಶ್ ಒಲ್‌ಸುನ್’ ಎಂಬ ಸಿದ್ಧ ಮಾತಿದೆ, ‘ಕಳೆದುಹೋದದ್ದಾಗಲಿ’ ಎಂದು. ‘ಒಲ್’ ಆಗು, ‘-ಸುನ್’ ನಮ್ಮ ‘-ಲಿ’.

ಈಗ ಹೊಸ ತಂಡ ಬಂದಾಗ ನಾನು ಬಸ್ಸಿನ ಪುಟದಿಂದ ಶುರುಮಾಡುತ್ತೇನೆ, ಅದನ್ನು ಅವರು ದಿನಾ ಕೇಳಿರುತ್ತಾರೆ. ಆಮೇಲೆ ಗುಣದ ಪುಟ. ‘ಅಲ್ಮಕ್’ ಪುಟವನ್ನು ಬೇಕೆಂದೇ ಮೂರನೆಯದಾಗಿ ಇಟ್ಟುಕೊಂಡಿದ್ದೇನೆ. ಮೊದಲೇ ಅದನ್ನು ಕೊಟ್ಟರೆ ‘ಗೆಟ್’ ಎಂದರೆ ‘ಟೇಕ್’ ಎಂದು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಕೀಳುವುದು ಕಷ್ಟ. ಮಾಡಿಸುವ ಪುಟ ಕೊನೆಗೆ. ಅಷ್ಟೊತ್ತಿಗೆ ಅವರೇ ತಮ್ಮ ಮನೆಯ, ಅಂಗಡಿಯ ವಾಕ್ಯ ತರುತ್ತಾರೆ, ನಾನು ಬೋರ್ಡಿನ ಮೇಲೆ ಬರೆದುಕೊಳ್ಳುತ್ತೇನೆ.