ಅಪ್ರೂವಲ್‌ಗೆ ಮೊದಲು ಒಪ್ಪಿಗೆ: ಕೋಲಾರದಲ್ಲಿ ನನ್ನ ಅನುಭವ

ಕೋಲಾರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿರುವ ನನ್ನ ಬಳಿಗೆ ಬರುವ ಹೆಂಗಸರಲ್ಲಿ ಬಹುಪಾಲು ಜನರ ಕೈಯಲ್ಲಿ ಯಾವುದಾದರೊಂದು ಕಾರ್ಡು ಇದ್ದೇ ಇರುತ್ತದೆ. ಹಾಲಿನ ಡೇರಿಯ ಸದಸ್ಯರಾದವರು 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, ಈಗ ಮತ್ತೆ ಜಾರಿಯಲ್ಲಿರುವ, ಸಹಕಾರ ಸಂಘಗಳ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಕಾರ್ಡು ತರುತ್ತಾರೆ. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ತರುತ್ತಾರೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇಎಸ್‌ಐ ಅಥವಾ ಕಂಪನಿ ಮಾಡಿಸಿದ ವಿಮೆ ಇರುತ್ತದೆ. ಕಾರ್ಡು ಯಾವುದೇ ಆಗಿರಲಿ, ಅವರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಪ್ರೂವಲ್ ಬಂತಾ ಮೇಡಂ?"

ಅಪ್ರೂವಲ್ ಎಂದರೆ ಚಿಕಿತ್ಸೆಯ ಖರ್ಚು ಭರಿಸಲು ಯೋಜನೆಯವರು ಅಥವಾ ವಿಮೆಯವರು ಮುಂಚಿತವಾಗಿ ಕೊಡುವ ಅನುಮತಿ. ಈ ಪ್ರಶ್ನೆಯ ಹಿಂದಿರುವ ನಂಬಿಕೆಯನ್ನು ಅರ್ಥ ಮಾಡಿಕೊಳ್ಳದೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದರೆ ಆ ಸಹಿಗೆ ಬೆಲೆ ಇರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಪ್ರೂವಲ್ ಬಂತೆಂದರೆ ಬೆಂಗಳೂರಿನಲ್ಲಿ ಕುಳಿತ ದೊಡ್ಡ ಡಾಕ್ಟರು ನೋಡಿ, ಆಪರೇಷನ್ ಬೇಕೇ ಬೇಕು ಎಂದು ತೀರ್ಮಾನಿಸಿದ್ದಾರೆ ಎಂದೇ ರೋಗಿಗಳು ತಿಳಿಯುತ್ತಾರೆ. ವಾಸ್ತವದಲ್ಲಿ ಅಲ್ಲಿ ನಡೆಯುವುದು ನಾವು ಕಳುಹಿಸಿದ ಸ್ಕ್ಯಾನಿಂಗ್ ವರದಿ ಮತ್ತು ಕೇಸ್ ಶೀಟು ನಾವು ಕೇಳಿದ ಪ್ಯಾಕೇಜಿಗೆ, ಅಂದರೆ ದರ ನಿಗದಿಯಾದ ಚಿಕಿತ್ಸೆಗೆ, ಹೊಂದುತ್ತವೆಯೇ ಎಂಬ ಪರಿಶೀಲನೆ ಮಾತ್ರ. ಆ ಹೆಂಗಸನ್ನು ಅವರು ನೋಡಿರುವುದಿಲ್ಲ, ಆಕೆಗೆ ಏನು ಬೇಕೆಂದು ಕೇಳಿರುವುದೂ ಇಲ್ಲ.

ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಈ ತೊಡಕು ಎದ್ದು ಕಾಣುತ್ತದೆ. ಮುಟ್ಟಿನ ರಕ್ತಸ್ರಾವ ಅತಿಯಾದಾಗ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದೆ, ಪ್ರೊಜೆಸ್ಟರಾನ್ ಮಾತ್ರೆ ಇದೆ, ಒಮ್ಮೆ ಗರ್ಭಕೋಶದೊಳಗೆ ಇಟ್ಟರೆ 5 ವರ್ಷವಾದರೂ ಕೆಲಸ ಮಾಡುವ ಹಾರ್ಮೋನ್ ಸಾಧನವಿದೆ; ಗಡ್ಡೆ ಅಥವಾ ಕ್ಯಾನ್ಸರಿನ ಸುಳಿವು ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ಕೊನೆಯ ದಾರಿ. ಆದರೆ ಆಯುಷ್ಮಾನ್ ಯೋಜನೆಯು ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಭರಿಸಿದರೂ ಅದು ಒಳರೋಗಿಗಳಿಗೆ ಮಾತ್ರ. ಹೊರರೋಗಿಯಾಗಿ ಬಂದವರು ಮೆಡಿಕಲ್ ಶಾಪಿನಲ್ಲಿ ತಿಂಗಳು ತಿಂಗಳು ಕೊಳ್ಳುವ ಮಾತ್ರೆಗೆ ಬಿಡಿಗಾಸೂ ಬರುವುದಿಲ್ಲ. ಹೀಗೆ ಅಂಗವನ್ನೇ ತೆಗೆಸಿಕೊಳ್ಳುವುದು ಉಚಿತ, ಉಳಿಸಿಕೊಳ್ಳುವುದಕ್ಕೆ ಖರ್ಚು ಎಂಬ ವಿಚಿತ್ರ ಲೆಕ್ಕ ಹುಟ್ಟಿಕೊಂಡಿದೆ. ಈ ಲೆಕ್ಕವನ್ನು ರೋಗಿಯ ಮುಂದೆ ಬಿಡಿಸಿಡದೆ, ಆಕೆಯೇ ಆರಿಸಿಕೊಂಡಳು ಎಂದು ನಾನು ಹೇಗೆ ಹೇಳಲಿ?

ಆದ್ದರಿಂದ ನಾನು ಕೆಲಸದ ಕ್ರಮವನ್ನೇ ಬದಲಿಸಿದೆ. ಮೊದಲು ಕಾರ್ಡು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಕೌಂಟರಿಗೆ ಹೋಗುತ್ತಿತ್ತು, ಅಪ್ರೂವಲ್ ಬಂದ ಮೇಲೆ ನರ್ಸ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಿದ್ದರು. ಈಗ ನಾನು ಮಾತನಾಡಿ ಮುಗಿಸಿ, ಕೇಸ್ ಶೀಟಿನಲ್ಲಿ ನನ್ನ ಕೈಯಾರೆ ಬರೆದ ನಂತರವೇ ಅರ್ಜಿ ಪೋರ್ಟಲ್‌ಗೆ ಹೋಗುತ್ತದೆ. ಆಡಳಿತದವರಿಗೆ ಇದು ಹಿಡಿಸಲಿಲ್ಲ, ಮಂಚಗಳು ಖಾಲಿ ಉಳಿಯುತ್ತವೆ ಎಂದು ಗೊಣಗಿದರು. ಖಾಸಗಿ ವಿಮೆಯಲ್ಲಿ ನಗದುರಹಿತ ಚಿಕಿತ್ಸೆಯ ಅರ್ಜಿಯನ್ನು 1 ಗಂಟೆಯೊಳಗೆ ತೀರ್ಮಾನಿಸಬೇಕೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ; ರೋಗಿಯ ತೀರ್ಮಾನಕ್ಕೆ ಇಷ್ಟು ಸಮಯ ಕೊಡಿ ಎಂದು ಮಾತ್ರ ಯಾರೂ ಗಡುವು ಹಾಕಿಲ್ಲ.

ಶ್ರೀನಿವಾಸಪುರದ ಕಡೆಯಿಂದ ಬಂದಿದ್ದ, ಇನ್ನೂ ನಲವತ್ತು ತುಂಬದ ಹೆಂಗಸೊಬ್ಬರ ನೆನಪಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಸ್ವಲ್ಪ ದಪ್ಪವಾಗಿದೆ ಎಂದಿತ್ತು. "ಕಾರ್ಡಿದೆಯಲ್ಲ ಮೇಡಂ, ತೆಗೆದುಬಿಡಿ. ಮಕ್ಕಳಾಗದ ಹಾಗೆ ಆಪರೇಷನ್ನೂ ಆಗಿದೆ, ಇನ್ನು ಇಟ್ಕೊಂಡು ಏನ್ ಮಾಡೋದು?" ಎಂದವರು ಗಂಡ. ಅವರನ್ನು ಹೊರಗೆ ಕೂರಿಸಿ, ಮನೆಯಲ್ಲಿ ತೆಲುಗು ಮಾತನಾಡುವ ಆಕೆಯೊಡನೆ ತೆಲುಗಿನಲ್ಲೇ ಮಾತಿಗಿಳಿದಾಗ ತಿಳಿದದ್ದು, ಆಕೆಯನ್ನು ಕಾಡುತ್ತಿದ್ದದ್ದು ರಕ್ತಸ್ರಾವಕ್ಕಿಂತ ಹೆಚ್ಚಾಗಿ ಕ್ಯಾನ್ಸರಿನ ಭಯ. ಪಕ್ಕದ ಮನೆಯವರು ಅದರಲ್ಲೇ ತೀರಿಕೊಂಡಿದ್ದರು. ಗರ್ಭಕಂಠದ ಪರೀಕ್ಷೆ ಮಾಡಿ, ವರದಿ ಬಂದ ಮೇಲೆ ಕರೆಸಿ, ಎರಡೂ ದಾರಿಗಳನ್ನು ವಿವರಿಸಿದೆ. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ಹಾಗೆ ಮೈ ಬಿಸಿಯೇರುವುದು, ಮೂಳೆ ಸವೆಯುವುದು ಬೇಗನೆ ಶುರುವಾಗುತ್ತದೆ ಎಂದೂ ಹೇಳಿದೆ. ಆಪರೇಷನ್ ಮಾಡಿದರೆ ಆಸ್ಪತ್ರೆಗೆ ಯೋಜನೆಯಿಂದ ಹಣ ಬರುತ್ತದೆ, ಮಾತ್ರೆ ಬರೆದರೆ ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. "ಹಂಗಾದ್ರೆ ನಿಮಗೇ ಲಾಸು ಅಲ್ವಾ ಮೇಡಂ?" ಎಂದು ನಕ್ಕು, ಆಕೆ ಮಾತ್ರೆಯನ್ನೇ ಆರಿಸಿಕೊಂಡರು. ಹಣದ ವಿಷಯ ತೆಗೆದರೆ ವೈದ್ಯರ ಮೇಲಿನ ನಂಬಿಕೆ ಕೆಡುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಕಂಡದ್ದು ಅದಕ್ಕೆ ವಿರುದ್ಧವಾದದ್ದನ್ನು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ದುರ್ಬೀನಿನ (ಲ್ಯಾಪರೊಸ್ಕೋಪಿ) ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಪ್ರಾಣಕ್ಕೆ ಅಪಾಯವಿಲ್ಲದಿರುವಾಗ ವಯಸ್ಕಳಾದ ರೋಗಿಯ ಪರವಾಗಿ ಬೇರೆಯವರು ಒಪ್ಪಲಾಗದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟದ್ದಾಗದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು 3 ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರಲ್ಲಿ ಅದೇ ನ್ಯಾಯಾಲಯ ರಾಜ್ಯಗಳಿಗೆ ಸೂಚಿಸಿತು. ಹೀಗಾಗಿ ಗಂಡ ಎಷ್ಟೇ ಒತ್ತಾಯಿಸಿದರೂ ನಾನು ಹೆಂಡತಿಯ ಸಹಿಯನ್ನೇ ಪಡೆಯುತ್ತೇನೆ. ಅಂಡಾಶಯದ ವಿಷಯಕ್ಕೆ ಪ್ರತ್ಯೇಕ ಸಾಲು ಬರೆಸಿ, ಅದರ ಕೆಳಗೆ ಇನ್ನೊಂದು ಸಹಿ ಕೇಳುತ್ತೇನೆ.

ಸಹಿಗೆ ಮೊದಲು "ಊರಲ್ಲಿ ಅಕ್ಕ ತಂಗಿಯರು ಏನು ಆಪರೇಷನ್ ಅಂತ ಕೇಳಿದರೆ ಏನು ಹೇಳ್ತೀರಮ್ಮ?" ಎಂದು ಕೇಳುವುದು ರೂಢಿಯಾಗಿದೆ. ಉತ್ತರ ತಡವರಿಸಿದರೆ ಮತ್ತೊಮ್ಮೆ ಚಿತ್ರ ಬರೆದು ತೋರಿಸುತ್ತೇನೆ. ಅಪ್ರೂವಲ್ ಬಂದ ಮೇಲೂ ಮನಸ್ಸು ಬದಲಿಸುವವರಿದ್ದಾರೆ. ಬೇಡವೆಂದರೆ ಕಾರ್ಡೇ ರದ್ದಾದೀತು, ಮುಂದೆ ಯಾವ ಕಾಯಿಲೆಗೂ ಸಿಗಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಬಾಯಿ ಬಿಡದವರು ಅವರಿಗಿಂತ ಹೆಚ್ಚು. ಹಾಗಾಗುವುದಿಲ್ಲ, ಅರ್ಜಿಯನ್ನಷ್ಟೇ ಹಿಂಪಡೆಯುತ್ತೇವೆ ಎಂಬ ಮಾತನ್ನು ಈಗ ನಾನು ಮೊದಲ ಭೇಟಿಯಲ್ಲೇ, ಗಂಡನೂ ಎದುರಿಗಿರುವಾಗಲೇ ಹೇಳುತ್ತೇನೆ.